ಡಿಸ್‌ಇನ್‌ಫರ್ಮೇಷನ್ ಎಂದರೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ವರ್ಷಗಳನ್ನು ಕಳೆದ ನನಗೆ ಪ್ರತಿ ಸಲವೂ ಕೈ ತಡೆಯುವಂತೆ ಮಾಡುವ ಕೆಲವು ಪದಗಳಿವೆ. ಡಿಸ್‌ಇನ್‌ಫರ್ಮೇಷನ್ ಅವುಗಳಲ್ಲಿ ಒಂದು. ‘ಸುಳ್ಳು ಸುದ್ದಿ’ ಎಂದು ಬರೆದು ಮುಂದೆ ಹೋಗುವುದು ಸುಲಭ. ಹಾಗೆ ಬರೆದಾಗಲೆಲ್ಲ ಪದದ ಜೀವಾಳ ಕೈಜಾರಿ ಹೋಗಿದೆ ಎಂದು ನನಗೆ ಅನ್ನಿಸಿದೆ. ಓದುಗರು, ವಿದ್ಯಾರ್ಥಿಗಳು ಮತ್ತು ಕಿರಿಯ ಸಹೋದ್ಯೋಗಿಗಳು ಕೇಳುತ್ತ ಬಂದ ಪ್ರಶ್ನೆಗಳು ಹಾಗೂ ನನಗೆ ತೋಚಿದ ಉತ್ತರಗಳು ಇಲ್ಲಿವೆ.

ಒಂದೇ ವಾಕ್ಯದಲ್ಲಿ ಅರ್ಥ ಹೇಳಬಹುದೇ?

ಹೇಳಬಹುದು. ಸುಳ್ಳೆಂದು ಅಥವಾ ದಾರಿ ತಪ್ಪಿಸುವಂಥದ್ದೆಂದು ತಿಳಿದೇ, ಜನರನ್ನು ನಂಬಿಸಬೇಕೆಂದು ಸಿದ್ಧಪಡಿಸಿ ಹರಡಿದ ಮಾಹಿತಿ. ಈ ವಾಕ್ಯದ ಭಾರವೆಲ್ಲ ‘ತಿಳಿದೇ’ ಎಂಬ ಒಂದು ಪದದ ಮೇಲಿದೆ.

ತಪ್ಪು ಮಾಹಿತಿಗೂ ಇದಕ್ಕೂ ಏನು ವ್ಯತ್ಯಾಸ? ಸುಳ್ಳು ಯಾವತ್ತಿದ್ದರೂ ಸುಳ್ಳೇ ಅಲ್ಲವೇ?

ಕೇಳಿಸಿಕೊಂಡವನ ಪಾಲಿಗೆ ಎರಡೂ ಒಂದೇ. ಅವನು ಮೋಸ ಹೋದದ್ದು ಹೋದದ್ದೇ. ಹೇಳಿದವನ ಕಡೆಯಿಂದ ನೋಡಿದರೆ ಮಾತ್ರ ಅಜಗಜಾಂತರ. ಬಸ್ಸು ಒಂಬತ್ತಕ್ಕೆ ಹೊರಡುತ್ತದೆ ಎಂದು ನಂಬಿ ನಿಮಗೂ ಹಾಗೆಯೇ ಹೇಳಿದ ನೆರೆಯವರು ತಪ್ಪು ಮಾಹಿತಿ ಕೊಟ್ಟರು. ಎಂಟಕ್ಕೇ ಹೊರಡುತ್ತದೆ ಎಂದು ಗೊತ್ತಿದ್ದೂ, ನಿಮಗೆ ಬಸ್ಸು ತಪ್ಪಲಿ ಎಂದು ಒಂಬತ್ತು ಎಂದವರು ಮಾಡಿದ್ದು ಬೇರೆಯದೇ ಕೆಲಸ. ಮೊದಲನೆಯದನ್ನು ಇಂಗ್ಲಿಷಿನಲ್ಲಿ ಮಿಸ್‌ಇನ್‌ಫರ್ಮೇಷನ್ ಎನ್ನುತ್ತಾರೆ, ಎರಡನೆಯದನ್ನು ಡಿಸ್‌ಇನ್‌ಫರ್ಮೇಷನ್.

2017ರಲ್ಲಿ ಕೌನ್ಸಿಲ್ ಆಫ್ ಯುರೋಪ್‌ಗಾಗಿ ಕ್ಲೇರ್ ವಾರ್ಡಲ್ ಮತ್ತು ಹುಸೇನ್ ದೆರಖ್ಶಾನ್ ಸಿದ್ಧಪಡಿಸಿದ ವರದಿ ಇವೆರಡರ ಜೊತೆಗೆ ಮೂರನೆಯದೊಂದನ್ನು ಸೇರಿಸಿತು: ಮ್ಯಾಲ್‌ಇನ್‌ಫರ್ಮೇಷನ್. ಸಂಗತಿ ನಿಜವೇ ಆಗಿರುತ್ತದೆ, ಅದನ್ನು ಹೊರಹಾಕುವುದು ಕೇಡು ಮಾಡುವುದಕ್ಕಾಗಿ. ಒಬ್ಬರ ಖಾಸಗಿ ಪತ್ರವನ್ನೋ ಚಿತ್ರವನ್ನೋ ಕದ್ದು ಬಯಲಿಗೆ ಎಳೆಯುವುದು ಇದಕ್ಕೆ ಉದಾಹರಣೆ. ನಮ್ಮ ಊರುಗಳಲ್ಲಿ ‘ಚಾಡಿ’ ಎನ್ನುವುದು ಎಷ್ಟೋ ಸಲ ಇದನ್ನೇ. ಚಾಡಿಯಲ್ಲಿ ಹೇಳಿದ ಮಾತು ನಿಜವಾಗಿರಲು ಅಡ್ಡಿಯಿಲ್ಲ.

ನಿಜವಾದದ್ದನ್ನೇ ತೋರಿಸಿ ದಾರಿ ತಪ್ಪಿಸಿದರೆ ಅದನ್ನೂ ಡಿಸ್‌ಇನ್‌ಫರ್ಮೇಷನ್ ಎನ್ನಬಹುದೇ?

ಖಂಡಿತ ಎನ್ನಬಹುದು. ಹೆಚ್ಚು ಬಲವಾಗಿ ನಾಟುವುದೂ ಅದೇ ಬಗೆ. ಕುರುಕ್ಷೇತ್ರದಲ್ಲಿ ದ್ರೋಣರು ಶಸ್ತ್ರ ಕೆಳಗಿಟ್ಟದ್ದು ಶುದ್ಧ ಸುಳ್ಳನ್ನು ಕೇಳಿ ಅಲ್ಲ. ಭೀಮ ಅಶ್ವತ್ಥಾಮನೆಂಬ ಆನೆಯನ್ನು ಕೊಂದಿದ್ದ. ಧರ್ಮರಾಯ ‘ಅಶ್ವತ್ಥಾಮ ಹತನಾದ’ ಎಂದು ಗಟ್ಟಿಯಾಗಿ ನುಡಿದು ‘ಆನೆ’ ಎಂಬುದನ್ನು ಮೆಲ್ಲಗೆ ಸೇರಿಸಿದ. ಪದವೊಂದೊಂದನ್ನೇ ಹಿಡಿದು ನೋಡಿದರೆ ಸುಳ್ಳಿಲ್ಲ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಕ್ಷಣ ನೆಲಕ್ಕೆ ತಾಗಿತು. ಮಾತು ನಿಜವೋ ಸುಳ್ಳೋ ಎಂಬುದರ ಜೊತೆಗೆ, ಕೇಳುವವರ ಮನಸ್ಸಿನಲ್ಲಿ ಏನು ಮೂಡಲಿ ಎಂದು ಅದನ್ನು ಆಡಲಾಯಿತು ಎಂಬುದನ್ನೂ ತೂಗಬೇಕು ಎಂದು ಕಥೆ ಕಟ್ಟಿದವರಿಗೆ ಅಂದೇ ಗೊತ್ತಿತ್ತು.

ನಮ್ಮ ಕಾಲದ ಉದಾಹರಣೆ ಇದಕ್ಕಿಂತ ಘೋರವಾಗಿದೆ. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ನೆನಪಿರಬಹುದು. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅದೇ ಸವಾರರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಬರಹವನ್ನು ಎತ್ತಿ ತೋರಿಸುತ್ತಾರೆ. ಆ ಕೊನೆಯನ್ನು ಕತ್ತರಿಸಿದ ತುಣುಕು ಭಾರತದಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶದೊಂದಿಗೆ ಮೊಬೈಲಿನಿಂದ ಮೊಬೈಲಿಗೆ ಹಾರಿತು. 2018ರಲ್ಲಿ ಮಕ್ಕಳ ಕಳ್ಳರ ಭೀತಿ ದೇಶದ ಹಲವೆಡೆ ಕೊಲೆಗಳಿಗೆ ಕಾರಣವಾಯಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಮೆಗಾಗಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಬಲಿಯಾದರು. ಅವರ ಗೆಳೆಯರ ತಂಡ ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಹಂಚಿತ್ತು, ಅಷ್ಟೇ.

ಆ ವಿಡಿಯೊವನ್ನು ಹಂಚಿದ ಸಾವಿರಾರು ಜನ ಅದನ್ನು ನಂಬಿದ್ದರು, ತಮ್ಮ ಮಕ್ಕಳಿಗಾಗಿ ಹೆದರಿದ್ದರು. ಕೊನೆಯ ಭಾಗವನ್ನು ಕತ್ತರಿಸಿದ ಕೈಗೆ ಮಾತ್ರ ಆ ನೆಪವಿಲ್ಲ. ಎಲ್ಲಿ ಕತ್ತರಿಸಬೇಕೆಂದು ತಿಳಿಯಬೇಕಾದರೆ ಕೊನೆಯನ್ನು ನೋಡಿರಲೇಬೇಕು. ಮೊದಲ ಕೈಯಲ್ಲಿ ಡಿಸ್‌ಇನ್‌ಫರ್ಮೇಷನ್ ಆಗಿದ್ದದ್ದು ಎರಡನೆಯ ಕೈ ಸೇರುವಾಗ ತಪ್ಪು ಮಾಹಿತಿಯಾಗುತ್ತದೆ. ಈ ಎರಡು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಈ ಪದ ಎಲ್ಲಿಂದ ಬಂತು?

ಇಂಗ್ಲಿಷಿಗೆ ಇದು ರಷ್ಯನ್ ಭಾಷೆಯ ‘ದೆಜಿನ್‌ಫರ್ಮಾತ್ಸಿಯಾ’ದ ನೆರಳಿನಲ್ಲಿ ಬಂದು ನೆಲೆಯಾಯಿತು. 1923ರಲ್ಲೇ ಸೋವಿಯತ್ ಗುಪ್ತ ಪೊಲೀಸ್ ವ್ಯವಸ್ಥೆಯೊಳಗೆ ಈ ಕೆಲಸಕ್ಕೆಂದೇ ಒಂದು ವಿಭಾಗ ತೆರೆಯಲಾಗಿತ್ತು. 1959ರಲ್ಲಿ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ತನ್ನೊಳಗೆ ಇದಕ್ಕಾಗಿ ‘ಡಿ’ ವಿಭಾಗವನ್ನು ಸ್ಥಾಪಿಸಿತು. ಅಂದರೆ ಹುಟ್ಟಿನಲ್ಲಿ ಇದೊಂದು ಕಚೇರಿಯ ಪದ: ಸಂಬಳ ಪಡೆಯುವ ಸಿಬ್ಬಂದಿ, ಕಡತ, ಯೋಜನೆ ಎಲ್ಲವೂ ಇದ್ದ ಉದ್ಯೋಗದ ಹೆಸರು. ಆ ವಾಸನೆ ಪದದಲ್ಲಿ ಇಂದಿಗೂ ಉಳಿದಿದೆ.

ಇಂಗ್ಲಿಷ್ ಪತ್ರಿಕೆಗಳಲ್ಲಿ ಇದು ದಿನಬಳಕೆಯ ಪದವಾದದ್ದು 1980ರ ದಶಕದಲ್ಲಿ. ಆಗ ಇದನ್ನು ಎದುರಾಳಿಯ ಮೇಲಷ್ಟೇ ಪ್ರಯೋಗಿಸಲಿಲ್ಲ. 1986ರ ಅಕ್ಟೋಬರ್‌ನಲ್ಲಿ ಲಿಬಿಯಾದ ಆಡಳಿತಗಾರ ಗಡಾಫಿ ವಿರುದ್ಧ ಅಮೆರಿಕ ಸರ್ಕಾರವೇ ಇಂತಹ ಕಾರ್ಯಕ್ರಮ ನಡೆಸಿದೆ ಎಂಬ ವರದಿ ಬಂದಾಗ, ಅಲ್ಲಿನ ವಿದೇಶಾಂಗ ಇಲಾಖೆಯ ವಕ್ತಾರ ಬರ್ನಾರ್ಡ್ ಕಾಲ್ಬ್ ಹುದ್ದೆಗೆ ರಾಜೀನಾಮೆ ಕೊಟ್ಟು ಹೊರನಡೆದರು. ದಿನವೂ ಪತ್ರಕರ್ತರ ಎದುರು ನಿಂತು ಸರ್ಕಾರದ ಮಾತು ಹೇಳುವುದೇ ಅವರ ಕೆಲಸವಾಗಿತ್ತು.

ಪೂರ್ತಿ ಬಯಲಾದ ಪ್ರಕರಣ ಒಂದಾದರೂ ಇದೆಯೇ?

ಇದೆ, ಅದರ ಮೊದಲ ಅಧ್ಯಾಯ ನಡೆದದ್ದು ನಮ್ಮ ದೇಶದಲ್ಲಿಯೇ. 1983ರ ಜುಲೈನಲ್ಲಿ ದೆಹಲಿಯ ‘ಪೇಟ್ರಿಯಟ್’ ಎಂಬ ಸೋವಿಯತ್ ಪರ ಇಂಗ್ಲಿಷ್ ಪತ್ರಿಕೆಯಲ್ಲಿ ಹೆಸರಿಲ್ಲದ ಪತ್ರವೊಂದು ಅಚ್ಚಾಯಿತು. ಬರೆದವರು ಅಮೆರಿಕದ ಹೆಸರಾಂತ ವಿಜ್ಞಾನಿ ಎಂದಷ್ಟೇ ಪರಿಚಯ. ಏಡ್ಸ್ ರೋಗವನ್ನು ಮೇರಿಲ್ಯಾಂಡ್‌ನ ಫೋರ್ಟ್ ಡೆಟ್ರಿಕ್‌ನಲ್ಲಿರುವ ಸೇನಾ ಪ್ರಯೋಗಾಲಯದಲ್ಲಿ ಸೃಷ್ಟಿಸಲಾಯಿತು, ಇನ್ನು ಮುಂದೆ ಇಂತಹ ಪ್ರಯೋಗಗಳು ಪಾಕಿಸ್ತಾನಕ್ಕೆ ಬರಲಿವೆ, ಭಾರತಕ್ಕೆ ಅಪಾಯ ಕಾದಿದೆ ಎಂಬುದು ಪತ್ರದ ಸಾರ.

ಎರಡು ವರ್ಷ ಅದು ಅಲ್ಲೇ ಮಲಗಿತ್ತು. 1985ರ ಅಕ್ಟೋಬರ್‌ನಲ್ಲಿ ಮಾಸ್ಕೋದ ವಾರಪತ್ರಿಕೆಯೊಂದು ಅದೇ ಕಥೆಯನ್ನು ಪ್ರಕಟಿಸಿ, ಆಧಾರವಾಗಿ ಭಾರತದ ಪತ್ರಿಕೆಯತ್ತ ಬೆರಳು ತೋರಿಸಿತು. ದೆಹಲಿಯ ಪತ್ರ ಬೇಕಾಗಿದ್ದದ್ದೇ ಇದಕ್ಕೆ. ಸುಳ್ಳಿಗೆ ಮಾಸ್ಕೋದ ವಿಳಾಸವಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ. ದೆಹಲಿಯ ವಿಳಾಸವಿದ್ದರೆ ಕೇಳುತ್ತಾರೆ. ಮರುವರ್ಷ ಪೂರ್ವ ಜರ್ಮನಿಯ ಜೀವಭೌತ ವಿಜ್ಞಾನಿ ಯಾಕೊಬ್ ಸೀಗಲ್ ಇದಕ್ಕೆ ವಿಜ್ಞಾನದ ಭಾಷೆಯ ಹೊದಿಕೆ ಹೊದಿಸಿದರು. ಅವರ ವಾದದ ಪ್ರತಿಗಳು ಹರಾರೆಯಲ್ಲಿ ನಡೆದ ಅಲಿಪ್ತ ರಾಷ್ಟ್ರಗಳ ಶೃಂಗಸಭೆಯಲ್ಲಿ ಹಂಚಿಕೆಯಾದವು. 1987ರ ಹೊತ್ತಿಗೆ ಕಥೆ ಸುಮಾರು 80 ದೇಶಗಳಲ್ಲಿ, 30ಕ್ಕೂ ಹೆಚ್ಚು ಭಾಷೆಗಳಲ್ಲಿ ಓಡಾಡುತ್ತಿತ್ತು. ಕೊನೆಗೆ 1992ರಲ್ಲಿ ರಷ್ಯದ ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ ಇದರ ಹಿಂದೆ ತಮ್ಮವರ ಕೈ ಇದ್ದದ್ದನ್ನು ಒಪ್ಪಿಕೊಂಡರು.

ಎಚ್‌ಐವಿ ವೈರಾಣು ಮಧ್ಯ ಆಫ್ರಿಕಾದ ಚಿಂಪಾಂಜಿಗಳಿಂದ ಮನುಷ್ಯರಿಗೆ ದಾಟಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಜೀನುಗಳನ್ನು ತಿದ್ದಿ ವೈರಾಣು ತಯಾರಿಸುವ ತಂತ್ರಜ್ಞಾನ ಆಗ ಎಲ್ಲಿಯೂ ಇರಲಿಲ್ಲ. ಹಾಗಿದ್ದೂ ‘ಏಡ್ಸ್ ಪ್ರಯೋಗಾಲಯದಲ್ಲಿ ತಯಾರಾದದ್ದು’ ಎಂಬ ಮಾತನ್ನು ನಾನು ಈಗಲೂ ವಿದ್ಯಾವಂತರ ಬಾಯಲ್ಲಿ ಕೇಳುತ್ತೇನೆ. ಹೇಳಿದವರೇ ಒಪ್ಪಿಕೊಂಡು ದಶಕಗಳಾದ ಮೇಲೂ ಸುಳ್ಳು ಬದುಕಿದೆ ಎಂಬುದು ನನ್ನ ನಿದ್ದೆ ಕೆಡಿಸುವ ಸಂಗತಿ.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು?

ಎಲ್ಲರೂ ಒಪ್ಪಿದ ಒಂದು ಪದ ಇನ್ನೂ ನೆಲೆ ನಿಂತಿಲ್ಲ. ಇರುವ ಪದಗಳನ್ನು ಒಂದೊಂದಾಗಿ ತೂಗಿ ನೋಡೋಣ.

‘ಸುಳ್ಳು ಸುದ್ದಿ’ ಎಲ್ಲರಿಗೂ ತಿಳಿಯುತ್ತದೆ. ಆದರೆ ಅದು ಸುದ್ದಿಯ ಗುಣವನ್ನು ಹೇಳುತ್ತದೆ, ಕಟ್ಟಿದವನ ಮನಸ್ಸನ್ನು ಹೇಳುವುದಿಲ್ಲ. ಮೇಲಿನ ಆನೆಯ ಪ್ರಸಂಗವಂತೂ ಅದರೊಳಗೆ ಸೇರುವುದೇ ಇಲ್ಲ. ‘ನಕಲಿ ಸುದ್ದಿ’ ಫೇಕ್ ನ್ಯೂಸ್‌ನ ನೇರ ಅನುವಾದ. ಪತ್ರಿಕೆಯ ರೂಪವನ್ನೇ ನಕಲು ಮಾಡಿ, ಯಾವುದೋ ವಾಹಿನಿಯ ಲಾಂಛನ ಅಂಟಿಸಿ ಹರಿಯಬಿಟ್ಟದ್ದಕ್ಕೆ ಮಾತ್ರ ಅದು ಚೆನ್ನಾಗಿ ಹೊಂದುತ್ತದೆ. ‘ತಪ್ಪು ಮಾಹಿತಿ’ಯನ್ನು ಮಿಸ್‌ಇನ್‌ಫರ್ಮೇಷನ್‌ಗೆ ಬಿಟ್ಟುಕೊಡಬೇಕು. ‘ಅಪಪ್ರಚಾರ’ದಲ್ಲಿ ದುರುದ್ದೇಶ ಇದೆ, ಸಂಘಟಿತ ಪ್ರಯತ್ನವೂ ಇದೆ, ಹಾಗಾಗಿ ಅರ್ಥಕ್ಕೆ ತುಂಬ ಹತ್ತಿರ. ಅದಕ್ಕಿರುವ ತೊಂದರೆ ಬೇರೆ: ಆರೋಪ ಬಂದಾಗಲೆಲ್ಲ ರಾಜಕಾರಣಿಗಳು ‘ಇದು ಅಪಪ್ರಚಾರ’ ಎಂದು ತಳ್ಳಿಹಾಕಿ ಆ ಪದವನ್ನು ಸವೆಸಿಬಿಟ್ಟಿದ್ದಾರೆ. ಅಲ್ಲದೆ ಅಪಪ್ರಚಾರ ಯಾವಾಗಲೂ ಯಾರದಾದರೂ ಹೆಸರು ಕೆಡಿಸುತ್ತದೆ. ಡಿಸ್‌ಇನ್‌ಫರ್ಮೇಷನ್ ಕೆಲವೊಮ್ಮೆ ಹುಸಿ ಹೊಗಳಿಕೆಯೂ ಆಗಿರಬಹುದು.

ಸುದ್ದಿಯಲ್ಲಿ ಮೊದಲ ಸಲ ಬಂದಾಗ ‘ಉದ್ದೇಶಪೂರ್ವಕ ಸುಳ್ಳು ಮಾಹಿತಿ’ ಎಂದು ಬಿಡಿಸಿ ಬರೆಯುವುದು ನನ್ನ ರೂಢಿ. ಉದ್ದವಾಯಿತು, ನಿಜ, ಅರ್ಥ ಮಾತ್ರ ಸೋರುವುದಿಲ್ಲ. ಲೇಖನ ಬರೆಯುವಾಗ, ಮಾತನಾಡುವಾಗ ‘ಹೊಸೆದ ಸುಳ್ಳು’ ಎನ್ನುವುದು ನನಗೆ ಇಷ್ಟ. ಕಥೆ ಹೊಸೆಯುವುದು ಎಂಬ ಮಾತು ನಮ್ಮಲ್ಲಿ ಮೊದಲಿನಿಂದಲೂ ಇದೆ. ದೀಪದ ಬತ್ತಿ ತಾನಾಗಿ ಹೊಸೆದುಕೊಳ್ಳುವುದಿಲ್ಲ, ಅದಕ್ಕೆ ಹತ್ತಿ ಬೇಕು, ಬೆರಳು ಬೇಕು, ಉರಿಯಲಿ ಎಂಬ ಉದ್ದೇಶ ಬೇಕು.

ವದಂತಿ, ಗಾಳಿಸುದ್ದಿ, ಪುಕಾರು ಇವೆಲ್ಲ ಅದೇ ತಾನೇ?

ಅಲ್ಲ. ಈ ಪದಗಳ ಒಳಗೇ ಉತ್ತರವಿದೆ. ‘ವದಂತಿ’ ಎಂದರೆ ಸಂಸ್ಕೃತದಲ್ಲಿ ‘ಹೇಳುತ್ತಾರೆ’. ಯಾರು ಹೇಳುತ್ತಾರೆ? ಗೊತ್ತಿಲ್ಲ. ಗಾಳಿಸುದ್ದಿಗೂ ಒಡೆಯನಿಲ್ಲ, ಗಾಳಿ ತಂದದ್ದು ಅದು. ಈ ಪದಗಳು ಮೂಲವನ್ನು ಮರೆಸುತ್ತವೆ. ಡಿಸ್‌ಇನ್‌ಫರ್ಮೇಷನ್ ಎಂಬ ಪದ ಮೂಲವನ್ನು ಹುಡುಕು ಎನ್ನುತ್ತದೆ.

1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನೋಡಿದವರು ಇನ್ನೂ ಇದ್ದಾರೆ. ರಾತ್ರಿ ದೆವ್ವವೊಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲ ಮೇಲಿನ ಬರಹ ಓದಿ ಹಿಂದಿರುಗುತ್ತದೆ ಎಂಬ ಮಾತು ಹಬ್ಬಿತ್ತು. ಅದರ ಹಿಂದೆ ಯಾವ ಕಚೇರಿಯನ್ನೂ ಯೋಜನೆಯನ್ನೂ ಹುಡುಕಬೇಕಾಗಿಲ್ಲ. ಅದು ಅಪ್ಪಟ ವದಂತಿ.

2012ರ ಆಗಸ್ಟ್ ಬೇರೆಯದೇ ಕಥೆ. ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಸಂದೇಶಗಳು ಹರಡಿ, ಬೆಂಗಳೂರಿನ ರೈಲು ನಿಲ್ದಾಣಕ್ಕೆ ಸಾವಿರಾರು ಯುವಕ ಯುವತಿಯರು ಚೀಲ ಹಿಡಿದು ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಂದು ಮೊಬೈಲಿನಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳುಹಿಸದಂತೆ ತಾತ್ಕಾಲಿಕ ಮಿತಿ ಹಾಕಿತು. ಬೇರೆಲ್ಲಿಯದೋ, ಬೇರೆ ಯಾವಾಗಿನದೋ ಚಿತ್ರಗಳಿಗೆ ಹೊಸ ಅಡಿಬರಹ ಹಾಕಿ ಭೀತಿ ಹುಟ್ಟಿಸಿದವರೂ ಇದ್ದರು, ಅದನ್ನು ನಂಬಿ ಗೆಳೆಯರನ್ನು ಉಳಿಸಲೆಂದು ಸಂದೇಶ ದಾಟಿಸಿದವರೂ ಇದ್ದರು. ಇಂತಹ ಕಡೆ ಒಂದೇ ಪದ ಸಾಲದು. ಚಿತ್ರ ತಿರುಚಿದ್ದಕ್ಕೆ ಒಂದು, ನಿಲ್ದಾಣದಲ್ಲಿ ಬಾಯಿಂದ ಬಾಯಿಗೆ ಓಡಿದ್ದಕ್ಕೆ ಇನ್ನೊಂದು.

ಸರ್ಕಾರ, ಗೂಢಚಾರರು ಮಾತ್ರ ಮಾಡುವ ಕೆಲಸವೇ ಇದು?

ಕಂಪನಿಗಳೂ ಮಾಡಿವೆ. ಅಮೆರಿಕದ ಸಿಗರೇಟ್ ಕಂಪನಿಗಳು 1954ರ ಜನವರಿಯಲ್ಲಿ ನೂರಾರು ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು, ಧೂಮಪಾನಕ್ಕೂ ಕ್ಯಾನ್ಸರ್‌ಗೂ ಇರುವ ನಂಟು ಸಾಬೀತಾಗಿಲ್ಲ ಎಂದು ಜನರಿಗೆ ಧೈರ್ಯ ಹೇಳಿದವು. ಮುಂದೆ ಬಯಲಾದ, 1969ರ ಒಂದು ಕಂಪನಿಯ ಒಳಟಿಪ್ಪಣಿ ‘ಸಂಶಯವೇ ನಮ್ಮ ಉತ್ಪನ್ನ’ ಎಂದು ಬರೆದುಕೊಂಡಿತ್ತು. ಸುಳ್ಳನ್ನು ನಂಬಿಸಲೇಬೇಕಾಗಿಲ್ಲ, ನಿಜದ ಮೇಲೆ ಅನುಮಾನ ಹುಟ್ಟಿಸಿದರೂ ಸಾಕು ಎಂಬ ಲೆಕ್ಕ ಅದು.

ವಿಡಂಬನೆ, ಅಭಿಪ್ರಾಯ, ಪತ್ರಿಕೆಯ ಅಚ್ಚಿನ ದೋಷ?

ಇವು ಯಾವುವೂ ಅಲ್ಲ. ದೋಷ ಕಂಡಾಗ ತಿದ್ದುಪಡಿ ಹಾಕಿದ ಪತ್ರಿಕೆಯ ಮೇಲೆ ಈ ಪದ ಎಸೆಯುವುದು ಅನ್ಯಾಯ. ದೋಷ ತಿಳಿದ ಮೇಲೂ ಅದನ್ನೇ ಮತ್ತೆ ಮತ್ತೆ ಅಚ್ಚು ಹಾಕಿದರೆ ಆಗ ಮಾತು ಬದಲಾಗುತ್ತದೆ.

ಒಬ್ಬರ ಉದ್ದೇಶವನ್ನು ನಾವು ತಿಳಿಯುವುದಾದರೂ ಹೇಗೆ?

ಎಷ್ಟೋ ಸಲ ತಿಳಿಯಲಾಗುವುದಿಲ್ಲ, ಆಗ ‘ಸುಳ್ಳು ಮಾಹಿತಿ’ ಎಂದು ನಿಲ್ಲಿಸಬೇಕು. 2016ರ ನವೆಂಬರ್‌ನಲ್ಲಿ ಹೊಸ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದೆ ಎಂಬ ಸುದ್ದಿ ಟಿ.ವಿ.ಯಲ್ಲೂ ಬಂತು. ಆ ನೋಟು ಅಚ್ಚಾಗುತ್ತಿದ್ದ ಮೈಸೂರಿನಲ್ಲೇ ಅದನ್ನು ನಂಬಿದವರಿದ್ದರು. ಅದನ್ನು ಮೊದಲು ಬರೆದವರು ಮೋಸಕ್ಕಾಗಿ ಬರೆದರೋ ತಮಾಷೆಗೋ? ನನಗೆ ಉತ್ತರವಿಲ್ಲದಿರುವಾಗ ನಾನು ಆ ದೊಡ್ಡ ಪದವನ್ನು ಬಳಸುವುದಿಲ್ಲ.

ಕೆಲವೊಮ್ಮೆ ಕೆಲಸವೇ ಉದ್ದೇಶವನ್ನು ಹೇಳುತ್ತದೆ. ಕತ್ತರಿಸಿದ ಕೊನೆ, ಬದಲಿಸಿದ ದಿನಾಂಕ, ಕದ್ದ ಲಾಂಛನ, ಇಲ್ಲದ ವೈದ್ಯರ ಹೆಸರು, ಒಂದೇ ಗಳಿಗೆಯಲ್ಲಿ ನೂರು ಖಾತೆಗಳಿಂದ ಅಕ್ಷರಶಃ ಒಂದೇ ಸಾಲು. ಇವು ಕಣ್ತಪ್ಪಿನಿಂದ ಆಗುವಂಥವಲ್ಲ.

ನಂಬಿ ಫಾರ್ವರ್ಡ್ ಮಾಡಿದರೆ ನಾನೂ ಅಪರಾಧಿಯೇ?

ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 353ನೇ ಕಲಮು ಸುಳ್ಳು ಮಾಹಿತಿ, ವದಂತಿಗಳ ಮೂಲಕ ಜನರಲ್ಲಿ ಭೀತಿ ಅಥವಾ ದ್ವೇಷ ಹುಟ್ಟಿಸುವುದನ್ನು ಅಪರಾಧವೆನ್ನುತ್ತದೆ. ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ನಿಜವೆಂದು ನಂಬಲು ಸಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ, ಸದ್ಭಾವನೆಯಿಂದ ಹೇಳಿದವರಿಗೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ನಮ್ಮ ಪದ ಗುರುತಿಸುವ ಗೆರೆಯನ್ನೇ ಕಾನೂನೂ ಗುರುತಿಸುತ್ತದೆ. ಇದು ವಕೀಲರ ಸಲಹೆಯಲ್ಲ. ದೂರು ದಾಖಲಾಗಿದ್ದರೆ ವಕೀಲರನ್ನು ಕಾಣಿ.

ಯಾವುದು ಸುಳ್ಳು ಎಂದು ಸರ್ಕಾರವೇ ತೀರ್ಮಾನಿಸಿದರೆ ಸಮಸ್ಯೆ ತೀರುವುದಿಲ್ಲವೇ?

ತೀರುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ತನ್ನ ಕೆಲಸದ ಬಗೆಗಿನ ಸುದ್ದಿಗೆ ತಾನೇ ತೀರ್ಪುಗಾರನಾಗುವುದು ಯಾರಿಗೂ ಸಲ್ಲದು. ಕೇಂದ್ರ ಸರ್ಕಾರ ತನ್ನ ವ್ಯವಹಾರಗಳ ಕುರಿತ ಮಾಹಿತಿಯನ್ನು ಗುರುತು ಹಾಕಲು ಸತ್ಯಶೋಧನಾ ಘಟಕ ರಚಿಸಲು 2023ರಲ್ಲಿ ತಂದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತು. ಕರ್ನಾಟಕದಲ್ಲಿ 2025ರಲ್ಲಿ ಚರ್ಚೆಗೆ ಬಂದ ಕರಡು ಮಸೂದೆ ಏಳು ವರ್ಷದವರೆಗಿನ ಶಿಕ್ಷೆಯನ್ನು ಸೂಚಿಸಿತ್ತು. ಅದರ ಹೆಸರಿನಲ್ಲಿ ಇದ್ದದ್ದು ಮಿಸ್‌ಇನ್‌ಫರ್ಮೇಷನ್ ಮತ್ತು ಫೇಕ್ ನ್ಯೂಸ್. ಪದಗಳ ಅರ್ಥ ಸಡಿಲವಾಗಿದ್ದರೆ ತಪ್ಪಿ ಹೇಳಿದವನೂ ತಿಳಿದು ಹೇಳಿದವನೂ ಒಂದೇ ಬಲೆಗೆ ಬೀಳುತ್ತಾರೆ. ಪದಕೋಶದ ಕೆಲಸ ಎಂದು ಕಾಣುವುದು ಯಾರದೋ ಜೈಲಿನ ವರ್ಷಗಳ ಲೆಕ್ಕವೂ ಹೌದು.

ಸುಳ್ಳು ಅಷ್ಟು ಬೇಗ ಹರಡುವುದೇಕೆ?

ಅಮೆರಿಕದ ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದ ಸುಮಾರು 1,26,000 ಕಥೆಗಳನ್ನು ಪರಿಶೀಲಿಸಿ 2018ರಲ್ಲಿ ವರದಿ ಮಾಡಿದರು. ನಿಜಕ್ಕಿಂತ ಸುಳ್ಳನ್ನು ಜನ ಮರುಹಂಚುವ ಸಾಧ್ಯತೆ ಶೇ 70ರಷ್ಟು ಹೆಚ್ಚಾಗಿತ್ತು. ಯಂತ್ರಚಾಲಿತ ಖಾತೆಗಳು ಎರಡನ್ನೂ ಸಮನಾಗಿ ಹರಡಿದ್ದವು. ವ್ಯತ್ಯಾಸ ಮಾಡಿದ್ದು ಮನುಷ್ಯರು. ಸುಳ್ಳಿನಲ್ಲಿ ಹೊಸತನವಿರುತ್ತದೆ, ಬೆರಗು ಇರುತ್ತದೆ. ಪದೇ ಪದೇ ಕೇಳಿದ ಮಾತು ನಿಜವೆನ್ನಿಸತೊಡಗುತ್ತದೆ ಎಂಬುದು 1977ರಲ್ಲೇ ಪ್ರಯೋಗದಿಂದ ತಿಳಿದಿತ್ತು. ಆದ್ದರಿಂದ ಸುಳ್ಳನ್ನು ಅಲ್ಲಗಳೆಯುವ ಶೀರ್ಷಿಕೆಯಲ್ಲಿ ಸುಳ್ಳನ್ನೇ ಮತ್ತೆ ಬರೆಯಬೇಡಿ ಎಂದು ಕಿರಿಯರಿಗೆ ಹೇಳುತ್ತೇನೆ. ನಿಜ ಏನೆಂಬುದು ಮೊದಲ ಸಾಲಿನಲ್ಲಿರಲಿ.

ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಹಲವು ಕೈ ದಾಟಿ ಬಂದ ಸಂದೇಶಕ್ಕೆ ಎರಡು ಬಾಣದ ಗುರುತು ಇರುತ್ತದೆ. ಆ ಗುರುತು ಕಂಡರೆ, ಕಳುಹಿಸಿದವರು ಬರೆದದ್ದಲ್ಲ ಎಂದು ತಿಳಿಯಿರಿ.

ಮನೆಯ ಹಿರಿಯರು ಇಂತಹ ಸಂದೇಶ ಕಳುಹಿಸಿದರೆ ಏನು ಮಾಡಲಿ?

ಅವರನ್ನು ಸುಳ್ಳುಗಾರರೆನ್ನಬೇಡಿ, ಅವರು ಹಾಗಲ್ಲ. ನನ್ನ ಸೋದರಮಾವ ಒಮ್ಮೆ ಕುಟುಂಬದ ಗುಂಪಿನಲ್ಲಿ ಕ್ಯಾನ್ಸರ್‌ಗೆ ಬಿಸಿನೀರು ನಿಂಬೆರಸವೇ ಮದ್ದು ಎಂಬ ಸಂದೇಶ ಹಾಕಿದರು. ಕೆಳಗೆ ವೈದ್ಯರೊಬ್ಬರ ಹೆಸರಿತ್ತು. ಗುಂಪಿನಲ್ಲಿ ಉತ್ತರಿಸದೆ ಅವರಿಗೇ ಕರೆ ಮಾಡಿ, ‘ಮಾವ, ಈ ವೈದ್ಯರನ್ನು ಹುಡುಕಿದೆ, ಎಲ್ಲಿಯೂ ಸಿಗಲಿಲ್ಲ. ನಿಮಗೆ ಇದನ್ನು ಕಳುಹಿಸಿದವರು ಯಾರೆಂದು ವಿಚಾರಿಸುತ್ತೀರಾ?’ ಎಂದೆ. ಅವರು ವಾಯುವಿಹಾರದ ಗೆಳೆಯರನ್ನು ಕೇಳಿದರು, ಆ ಗೆಳೆಯರು ತಮ್ಮ ಬೀಗರನ್ನು ಕೇಳಿದರು, ಬೀಗರಿಗೆ ಯಾವ ಗುಂಪಿನಿಂದ ಬಂತೆಂದು ನೆನಪಿರಲಿಲ್ಲ. ಎಳೆ ಅಲ್ಲಿಗೆ ಕಡಿಯಿತು. ಆ ಸಂಜೆ ಮಾವ ಸಂದೇಶವನ್ನು ತಾವೇ ಅಳಿಸಿದರು. ಈಗ ಇಂಥದ್ದೇನಾದರೂ ಬಂದರೆ ಮೊದಲು ನನಗೊಬ್ಬನಿಗೇ ಕಳುಹಿಸುತ್ತಾರೆ, ಕೆಳಗೆ ‘ನಿಜವೇ ನೋಡಪ್ಪ’ ಎಂದು ಬರೆದು.